ತುರ್ತು ಚಿಕಿತ್ಸೆಯ ಶಿಕ್ಷಣವೂ ಯೋಗ್ಯತಾಪತ್ರವೂ

ಹತ್ತನೆಯ ತರಗತಿಯನ್ನು ಮುಗಿಸಿದ ಹುಡುಗಿಯರ ತಾಯಿತಂದೆಗಳು ಶಾಲೆಗೆ ಬಂದು, ಮುಂದೆ ಯಾವ ವಿದ್ಯೆಗೆ ಸೇರಿಸಬಹುದೆಂದು ವಿಚಾರಿಸುವುದು ನಮ್ಮಲ್ಲಿ ಹಿಂದಿನಿಂದಲೂ ನಡೆದುಬಂದ ರೂಢಿ. ಉಪಾಧ್ಯಾಯಿನಿಯಾಗುವುದು ಹೇಗೆ, ದಾದಿಯರ ಶಾಲೆಗೆ ಸೇರುವುದು ಹೇಗೆ ಎಂದು ಕೇಳಿದವರಿಗೆ ಉತ್ತರ ಹೇಳುವುದು ನಮಗೆ ಕಷ್ಟವಾಗಿರಲಿಲ್ಲ. ಈಚೆಗೆ ಹೆಬ್ಬಗೋಡಿ, ಬೊಮ್ಮಸಂದ್ರ, ಚಂದಾಪುರಗಳ ಕಡೆಯಿಂದ ಬರುವವರು ಹೊಸದೊಂದು ಪ್ರಶ್ನೆಯನ್ನು ತರುತ್ತಿದ್ದಾರೆ. “ಮಗಳು ಆಂಬುಲೆನ್ಸಿನಲ್ಲಿ ಕೆಲಸಮಾಡುವ ತರಬೇತಿಗೆ ಹೋಗುತ್ತೇನೆನ್ನುತ್ತಾಳೆ, ಕೆಲವೇ ತಿಂಗಳಲ್ಲಿ ಸರ್ಟಿಫಿಕೇಟು ಕೊಡುತ್ತಾರಂತೆ, ಕಳುಹಿಸಬಹುದೆ?” ಎಂಬುದೇ ಆ ಪ್ರಶ್ನೆ. ಒಂದು ಮಾತಿನಲ್ಲಿ ಉತ್ತರಿಸುವುದಾದರೆ, ಕಳುಹಿಸಬಹುದು. ಆದರೆ ಯಾವ ಸರ್ಟಿಫಿಕೇಟು, ಅದನ್ನು ಕೊಡುವವರು ಯಾರು, ಕೊಡುವ ಮುನ್ನ ಮಗಳ ಕೈಗೆಲಸವನ್ನು ಎಷ್ಟು ಸಾರಿ ನೋಡಿದರು ಎಂಬುದನ್ನು ತಿಳಿಯದೆ ಕಳುಹಿಸಕೂಡದು. ಈ ಮಾತನ್ನು ತುಸು ವಿಸ್ತರಿಸಿ ಹೇಳುವುದಕ್ಕಾಗಿಯೇ ಈ ಪುಟಗಳನ್ನು ಬರೆದಿದ್ದೇವೆ.

ಹೆಬ್ಬಗೋಡಿಯನ್ನು ಬಹುಕಾಲದಿಂದ ಕಾಣದೆ ಇರುವ ಹಳೆಯ ವಿದ್ಯಾರ್ಥಿನಿಯರು ಇಂದು ಬಂದರೆ ಅದನ್ನು ಗುರುತಿಸಲಾರರು. ಆನೇಕಲ್ಲು ತಾಲ್ಲೂಕಿನ ಒಂದು ಹಳ್ಳಿಯಾಗಿದ್ದುದು ಈಗ ನಗರಸಭೆಯುಳ್ಳ ಊರಾಗಿದೆ. ಒಂದು ಕಡೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳಲ್ಲಿ ಎದ್ದ ಎಲೆಕ್ಟ್ರಾನಿಕ್ ಸಿಟಿ. ಇನ್ನೊಂದು ಕಡೆ ಬೊಮ್ಮಸಂದ್ರ, ಜಿಗಣಿಗಳ ಕಾರ್ಖಾನೆಗಳು. ನಡುವೆ ಹೊಸೂರಿನ ಹೆದ್ದಾರಿ. 2025ರ ಆಗಸ್ಟಿನಿಂದ ಮೆಟ್ರೋ ರೈಲು ಸಹ ಈ ಊರಿನ ತಲೆಯ ಮೇಲೆ ಓಡುತ್ತಿದೆ. ಲೋಹವನ್ನು ಒತ್ತುವ ಯಂತ್ರಗಳು, ಔಷಧಗಳನ್ನು ಬೇಯಿಸುವ ಕಡಾಯಿಗಳು, ಸಾವಿರಾರು ಹೆಣ್ಣುಮಕ್ಕಳು ಕುಳಿತು ಹೊಲಿಯುವ ಗಾರ್ಮೆಂಟ್ಸು ಶಾಲೆಗಳು, ಹೆದ್ದಾರಿಯ ಲಾರಿಗಳು, ಅವುಗಳ ಪಕ್ಕದಲ್ಲೇ ದ್ವಿಚಕ್ರವಾಹನಗಳಲ್ಲಿ ಪಾಳಿಯ ಕೆಲಸಕ್ಕೆ ಧಾವಿಸುವ ತರುಣರು: ಇಷ್ಟೆಲ್ಲ ಒಂದೇ ಕಡೆ ಕೂಡಿದ ಮೇಲೆ ಅಪಘಾತಗಳು ಕೂಡದೆ ಇರುತ್ತವೆಯೆ? 2023ರ ಅಕ್ಟೋಬರ್ 7ರಂದು ಇದೇ ಹೆದ್ದಾರಿಯ ಮುಂದಣ ಅತ್ತಿಬೆಲೆಯಲ್ಲಿ ಪಟಾಕಿಯ ಗೋದಾಮಿಗೆ ಬೆಂಕಿ ಬಿದ್ದು ಹತ್ತಕ್ಕೂ ಹೆಚ್ಚು ಮಂದಿ ಸತ್ತುದು ವಾಚಕರ ನೆನಪಿನಲ್ಲಿರಬಹುದು. ಸತ್ತವರಲ್ಲಿ ಬಹುಮಂದಿ ದೀಪಾವಳಿಯ ಕೂಲಿಗಾಗಿ ತಮಿಳುನಾಡಿನಿಂದ ಬಂದಿದ್ದ ಚಿಕ್ಕ ವಯಸ್ಸಿನವರು.

ಆಸ್ಪತ್ರೆಗಳೇನೋ ಈ ಕಡೆ ಇಲ್ಲದಿಲ್ಲ. ಬೊಮ್ಮಸಂದ್ರದಲ್ಲಿ ಹೃದಯದ ಚಿಕಿತ್ಸೆಗೆ ಹೆಸರಾದ ದೊಡ್ಡ ಆಸ್ಪತ್ರೆಯೇ ಇದೆ. ಅದೇ ದಾರಿಯಲ್ಲಿ ಬೆಂಗಳೂರಿನೊಳಕ್ಕೆ ಹೋದರೆ ತಲೆಯ ಪೆಟ್ಟಿಗೆ ನಿಮ್ಹಾನ್ಸ್ ಉಂಟು. ಸುಟ್ಟ ಗಾಯಗಳಿಗೆ ವಿಕ್ಟೋರಿಯಾ ಆಸ್ಪತ್ರೆಯ ಪ್ರತ್ಯೇಕ ವಿಭಾಗವುಂಟು. ಕೊರತೆ ಇರುವುದು ಬಿದ್ದ ಸ್ಥಳಕ್ಕೂ ಆಸ್ಪತ್ರೆಯ ಬಾಗಿಲಿಗೂ ನಡುವಣ ದಾರಿಯಲ್ಲಿ. ಹೃದಯ ನಿಂತ ಮೇಲೆ ಮಿದುಳು ಕೆಡದೆ ಉಳಿಯುವುದು ನಾಲ್ಕಾರು ನಿಮಿಷ ಮಾತ್ರ. ಸಂಜೆಯ ಹೊತ್ತು ಹೊಸೂರು ರಸ್ತೆಯಲ್ಲಿ ಸಿಕ್ಕಿಕೊಂಡ ವಾಹನ ನಾಲ್ಕು ನಿಮಿಷದಲ್ಲಿ ಎಷ್ಟು ದೂರ ಹೋದೀತೆಂಬುದನ್ನು ಅಲ್ಲಿ ಓಡಾಡುವವರಿಗೆ ನಾವು ಹೇಳಬೇಕಾಗಿಲ್ಲ. ಆದಕಾರಣ ರೋಗಿಯನ್ನು ವೈದ್ಯನ ಬಳಿಗೆ ಒಯ್ದರೆ ಸಾಲದು. ವೈದ್ಯನ ವಿದ್ಯೆಯಲ್ಲಿ ಒಂದಂಶವನ್ನಾದರೂ ರೋಗಿಯ ಬಳಿಗೆ ಒಯ್ಯಬೇಕು. ಈ ಕೆಲಸಕ್ಕೆ ಏರ್ಪಟ್ಟವರೇ ತುರ್ತು ವೈದ್ಯಕೀಯ ತಂತ್ರಜ್ಞರು. ಆಂಬುಲೆನ್ಸಿನವರು ಇವರನ್ನು ಇ.ಎಂ.ಟಿ. ಎಂಬ ಮೂರಕ್ಷರಗಳಿಂದಲೇ ಕರೆಯುತ್ತಾರೆ.

ಈ ವೃತ್ತಿ ಬಹಳ ಹಳೆಯದಲ್ಲ. 1966ರಲ್ಲಿ ಅಮೆರಿಕೆಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯವರು ಅಪಘಾತಗಳ ಮೇಲೆ ಒಂದು ವರದಿಯನ್ನು ಪ್ರಕಟಿಸಿದರು. ಆ ದೇಶದ ಆಂಬುಲೆನ್ಸುಗಳಲ್ಲಿ ಸುಮಾರು ಅರ್ಧವನ್ನು ನಡಸುತ್ತಿದ್ದವರು ಶವಸಂಸ್ಕಾರದ ವ್ಯಾಪಾರಿಗಳೆಂಬುದು ಅದರಿಂದ ಜನರಿಗೆ ತಿಳಿಯಿತು. ಮಲಗಿದ ದೇಹವನ್ನು ಒಯ್ಯುವ ವಾಹನ ಅವರಲ್ಲಿ ಮಾತ್ರವೇ ಇದ್ದುದು ಇದಕ್ಕೆ ಕಾರಣ! ಅದೇ ವರ್ಷ ಪಿಟ್ಸ್‌ಬರ್ಗ್ ನಗರದ ಡಾಕ್ಟರ್ ಪೀಟರ್ ಸಫಾರ್ ಎಂಬವರ ಚಿಕ್ಕ ಮಗಳು ಉಬ್ಬಸದಿಂದ ತೀರಿಕೊಂಡಳು. ನಿಂತ ಉಸಿರನ್ನು ಬಾಯಿಂದ ಬಾಯಿಗೆ ಊದಿ ಮರಳಿಸುವ ಕ್ರಮವನ್ನು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಅವರೊಬ್ಬರು. ಅಂಥವರ ಮನೆಯಲ್ಲಿಯೇ ಹೀಗಾಯಿತು. ಅವರು 1967ರಲ್ಲಿ ಆ ಊರಿನ ಬಡ ಕರಿಯರ ಕೇರಿಯ ತರುಣರನ್ನು ಆರಿಸಿ ತರಬೇತಿ ಕೊಟ್ಟರು. ‘ಫ್ರೀಡಂ ಹೌಸ್’ ಎಂಬ ಆಂಬುಲೆನ್ಸು ಸೇವೆ ಹೀಗೆ ಆರಂಭವಾಯಿತು. ಕೆಲಸವಿಲ್ಲದವರೆಂದು ಊರು ತಳ್ಳಿಬಿಟ್ಟಿದ್ದ ಈ ಜನ ಆ ಕಾಲದಲ್ಲಿ ಅಮೆರಿಕೆಯಲ್ಲೇ ಉತ್ತಮರೆನ್ನಿಸಿಕೊಂಡ ತುರ್ತು ಚಿಕಿತ್ಸಕರಾದರು. ಮುಂದೆ ಅವರಿಗೆ ಪಾಠ ಹೇಳಿ, ಅದರ ಆಧಾರದ ಮೇಲೆ ಈ ವೃತ್ತಿಯ ಪಠ್ಯಕ್ರಮವನ್ನು ಬರೆದವರು ನ್ಯಾನ್ಸಿ ಕ್ಯಾರೊಲಿನ್ ಎಂಬ ಮಹಿಳಾ ವೈದ್ಯರು. ಹುಡುಗಿಯರಿಗೆ ಇದು ತಕ್ಕ ಕೆಲಸವಲ್ಲವೆನ್ನುವವರಿಗೆ ಈ ಹೆಸರನ್ನು ನೆನಪಿಸಿದರೆ ಸಾಕೆಂದು ನಮಗೆ ತೋರುತ್ತದೆ.

ನಮ್ಮ ದೇಶದಲ್ಲಿ ಇದು ಇನ್ನೂ ಈಚಿನದು. 2005ರಲ್ಲಿ ಹೈದರಾಬಾದಿನಲ್ಲಿ 108 ಎಂಬ ಸಂಖ್ಯೆಯ ಸೇವೆ ಮೊದಲಾಯಿತು. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ‘ಆರೋಗ್ಯ ಕವಚ’ವೆಂಬ ಹೆಸರಿನಿಂದ ಆರಂಭವಾಯಿತು. ಅದಕ್ಕೆ ಮೊದಲು ನಮ್ಮಲ್ಲಿ ಆಂಬುಲೆನ್ಸೆಂದರೆ ಒಬ್ಬ ಚಾಲಕ, ಒಂದು ಮಂಚ, ಒಂದು ಗಂಟೆ. 108ರ ವಾಹನದಲ್ಲಿ ಇಬ್ಬರು ಇರುತ್ತಾರೆ. ವಾಹನ ನಡಸುವವನಿಗೆ ‘ಪೈಲಟ್’ ಎಂದು ಹೆಸರು (ವಿಮಾನವಲ್ಲದಿದ್ದರೂ ಗೌರವಕ್ಕೆ ಕೊಟ್ಟ ಹೆಸರು, ನಮಗೆ ಸಂತೋಷವೇ). ಹಿಂದೆ ರೋಗಿಯ ಬಳಿ ಇರುವವರು ಇ.ಎಂ.ಟಿ. ಕಷ್ಟವಾದ ಸಂದರ್ಭದಲ್ಲಿ ಅವರು ಕೇಂದ್ರದಲ್ಲಿರುವ ವೈದ್ಯರನ್ನು ದೂರವಾಣಿಯಲ್ಲಿ ಕೇಳಿ, ಅವರ ಅಪ್ಪಣೆಯಂತೆ ನಡೆಯುತ್ತಾರೆ. ತಾವಾಗಿ ವೈದ್ಯರಂತೆ ನಡೆದುಕೊಳ್ಳಲು ಅವರಿಗೆ ಅಧಿಕಾರವಿಲ್ಲ. ಬರೆದಿಟ್ಟ ನಿಯಮಗಳನ್ನು ಮೀರಿ ಒಂದು ಸೂಜಿಯನ್ನೂ ಚುಚ್ಚಕೂಡದು.

ಇನ್ನು ಅವರು ಕಲಿಯುವುದೇನು? ನೋಡಲು ಸುಲಭ, ಮಾಡಲು ಕಠಿನ ಎಂಬ ಜಾತಿಯ ವಿದ್ಯೆಗಳಲ್ಲಿ ಇದೂ ಒಂದು. ಮೊದಲನೆಯ ಪಾಠ ರೋಗಿಯನ್ನು ಮುಟ್ಟುವುದಕ್ಕಿಂತ ಮುಂಚಿನದು: ಸ್ಥಳವು ನಿರಪಾಯವಾಗಿದೆಯೆ? ವಿದ್ಯುತ್ತಿನ ತಂತಿ ಹರಿದು ಬಿದ್ದಿರಬಹುದು. ಕಾರ್ಖಾನೆಯ ತೊಟ್ಟಿಯಲ್ಲಿ ವಿಷದ ಗಾಳಿ ತುಂಬಿರಬಹುದು. ತೊಟ್ಟಿಯೊಳಗೆ ಬಿದ್ದ ಒಬ್ಬನನ್ನು ಎತ್ತಲು ಒಬ್ಬರ ಹಿಂದೊಬ್ಬರು ಇಳಿದು ಮೂವರು ನಾಲ್ವರು ಸತ್ತ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದುತ್ತೇವಷ್ಟೆ. ಅನುಕಂಪವುಳ್ಳ ಹುಡುಗಿಗೆ ‘ನಿಲ್ಲು, ಮೊದಲು ನೋಡು’ ಎಂಬುದನ್ನು ಕಲಿಸುವುದೇ ಕಷ್ಟವೆಂದು ಕಲಿಸುವವರು ಹೇಳುತ್ತಾರೆ. ಬಳಿಕ ಉಸಿರಿನ ದಾರಿ, ಉಸಿರು, ರಕ್ತದ ಓಟ ಇವುಗಳನ್ನು ಕ್ರಮವಾಗಿ ಪರೀಕ್ಷಿಸಬೇಕು. ನೆತ್ತರು ಧಾರೆಯಾಗಿ ಹರಿಯುತ್ತಿದ್ದರೆ ಅದನ್ನು ಮೊದಲು ಒತ್ತಿ ತಡೆಯಬೇಕು. ಕೂಗಿ ಗೋಳಾಡುವವನಿಗಿಂತ ಸುಮ್ಮನೆ ಬಿದ್ದಿರುವವನ ಕಡೆಗೆ ಮೊದಲು ಹೋಗಬೇಕೆಂಬುದೂ ಈ ಪಾಠದ್ದೇ: ಕೂಗುವವನಿಗೆ ಉಸಿರಿದೆಯಲ್ಲವೆ!

ನಿಂತ ಹೃದಯವನ್ನು ಎದೆಯ ಮೇಲೆ ಒತ್ತಿ ನಡಸುವ ಅಭ್ಯಾಸವೇ ಈ ಶಿಕ್ಷಣದ ಅಕ್ಷರಮಾಲೆ. ಎದೆಯ ನಡುವೆ ಎರಡು ಅಂಗೈಗಳನ್ನು ಒಂದರ ಮೇಲೊಂದಿಟ್ಟು, ಮೊಳಕೈ ಬಾಗದಂತೆ, ನಿಮಿಷಕ್ಕೆ 100ರಿಂದ 120 ಸಾರಿ, ಐದರಿಂದ ಆರು ಸೆಂಟಿಮೀಟರು ಆಳಕ್ಕೆ ಒತ್ತಬೇಕು. ಪ್ರತಿ ಸಾರಿಯೂ ಎದೆ ಪೂರ್ತಿಯಾಗಿ ಮೇಲೇಳಲು ಬಿಡಬೇಕು. ಮೂವತ್ತು ಒತ್ತುಗಳಿಗೆ ಎರಡು ಉಸಿರು. ಎರಡು ನಿಮಿಷದಲ್ಲಿ ಬಲಶಾಲಿಯಾದ ಗಂಡಸಿಗೂ ದಣಿವಾಗಿ ಒತ್ತು ಮೇಲುಮೇಲಕ್ಕೆ ಬರುತ್ತದೆ. ಅದು ಅವನ ಅರಿವಿಗೇ ಬಾರದು. ಆದುದರಿಂದ ಎರಡೆರಡು ನಿಮಿಷಕ್ಕೆ ಕೈ ಬದಲಾಯಿಸುವುದು ನಿಯಮ. ಈ ಅಭ್ಯಾಸವನ್ನು ಒಂದು ಬೊಂಬೆಯ ಮೇಲೆ ಮಾಡಿಸುತ್ತಾರೆ. 1960ರಲ್ಲಿ ಅದನ್ನು ಮೊದಲು ಮಾಡಿದವರು ನಾರ್ವೆ ದೇಶದ ಆಸ್ಮುಂಡ್ ಲಾರ್ಡಾಲ್ ಎಂಬ ಆಟಿಕೆಗಳ ತಯಾರಕರು. ಅದಕ್ಕೆ ಒಬ್ಬ ತರುಣಿಯ ಮುಖವನ್ನಿಟ್ಟು ‘ಆನ್’ ಎಂದು ಹೆಸರಿಟ್ಟರು. ಲೋಕದಲ್ಲಿ ಇಷ್ಟು ಜನ ಬದುಕಿಸಲೆತ್ನಿಸಿದ ಹುಡುಗಿ ಇನ್ನೊಬ್ಬಳಿಲ್ಲ. ಹೃದಯದ ಲಯ ಕೆಟ್ಟು ನಡುಗುತ್ತಿರುವಾಗ ವಿದ್ಯುತ್ತಿನ ಆಘಾತ ಕೊಡುವ ಯಂತ್ರವನ್ನೂ ಬಳಸಲು ಕಲಿಯಬೇಕು. ಇದು ಒಂದೊಂದು ನಿಮಿಷ ತಡವಾದಂತೆ ಬದುಕುವ ಸಂಭವ ನೂರಕ್ಕೆ ಏಳರಿಂದ ಹತ್ತು ಪಾಲು ಕುಗ್ಗುತ್ತದೆ.

ಹೆಬ್ಬಗೋಡಿಯಂಥ ಕಡೆ ಕೆಲಸಮಾಡುವವರಿಗೆ ಬೇಕಾದ ಬೇರೆ ಕೆಲವು ಪಾಠಗಳುಂಟು. ಒತ್ತುಯಂತ್ರದಲ್ಲಿ ತುಂಡಾದ ಬೆರಳನ್ನು ನೇರವಾಗಿ ಹಿಮದಲ್ಲಿ ಹಾಕುವುದು ಜನರ ರೂಢಿ. ಅದರಿಂದ ಬೆರಳು ಸತ್ತುಹೋಗುತ್ತದೆ. ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ನೀರು ಹೊಗದ ಚೀಲದಲ್ಲಿಟ್ಟು, ಆ ಚೀಲವನ್ನು ಹಿಮದ ನೀರಿನಲ್ಲಿಟ್ಟು ಒಯ್ದರೆ ಮರಳಿ ಜೋಡಿಸುವ ಆಶೆಯುಂಟು. ಆಮ್ಲ ಬಿದ್ದ ಕಣ್ಣನ್ನು ಧಾರಾಳವಾದ ನೀರಿನಿಂದ ಇಪ್ಪತ್ತು ನಿಮಿಷವಾದರೂ ತೊಳೆಯಬೇಕು. ಸುಟ್ಟ ಗಾಯಕ್ಕೆ ತಣ್ಣೀರು ಹೊರತು ಶಾಯಿಯಾಗಲಿ ಹಲ್ಲಿನ ಪೇಸ್ಟಾಗಲಿ ಹಚ್ಚಕೂಡದು. ಆನೇಕಲ್ಲಿನ ಕಡೆಯ ಹೊಲಗಳಲ್ಲಿ ಹಾವು ಕಚ್ಚಿದವರಿಗೆ ಕಟ್ಟು ಬಿಗಿಯುವುದೂ ಗಾಯ ಕೊಯ್ಯುವುದೂ ತಪ್ಪು. ಕಾಲನ್ನು ಅಲ್ಲಾಡದಂತಿರಿಸಿ ಬೇಗನೆ ಒಯ್ಯಬೇಕು. ಹೆದ್ದಾರಿಯಲ್ಲಿ ಬಿದ್ದವನ ಕತ್ತಿಗೆ ಪಟ್ಟಿ ಹಾಕದೆ ಕೈಕಾಲು ಹಿಡಿದು ಆಟೋದೊಳಗೆ ಮಡಿಸಿ ಹಾಕುವುದರಿಂದ, ನಡೆದಾಡಬಹುದಾಗಿದ್ದವನು ಆಯುಷ್ಯವೆಲ್ಲ ಹಾಸಿಗೆ ಹಿಡಿಯುವಂತಾಗಬಹುದು.

ಹೆರಿಗೆಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಆಂಬುಲೆನ್ಸಿನ ಕರೆಗಳಲ್ಲಿ ಬಸುರಿಯರದು ದೊಡ್ಡ ಪಾಲು. ಎಷ್ಟೋ ಶಿಶುಗಳು ದಾರಿಯಲ್ಲೇ ಹುಟ್ಟುತ್ತವೆ. ಒರಿಸ್ಸಾದಿಂದಲೋ ಬಂಗಾಳದಿಂದಲೋ ಬಂದು, ಹಂಚಿನ ಸಾಲುಮನೆಯೊಂದರಲ್ಲಿ ಗಂಡನೊಡನೆ ಇರುವ ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗಿಗೆ ರಾತ್ರಿ ನೋವು ಬಂದರೆ ಹತ್ತಿರ ತಾಯಿಯಿಲ್ಲ, ಅತ್ತೆಯಿಲ್ಲ, ನೆರೆಯವರ ಭಾಷೆಯೂ ತಿಳಿಯದು. ವಾಹನದ ಬಾಗಿಲು ತೆರೆದಾಗ ಒಳಗಿನಿಂದ ಹೆಣ್ಣೊಬ್ಬಳು ಇಳಿದರೆ ಆ ತರುಣಿಗೆ ಎಷ್ಟು ಧೈರ್ಯ! ಗಂಡಸರು ಈ ಕೆಲಸವನ್ನು ಚೆನ್ನಾಗಿ ಮಾಡುತ್ತಿಲ್ಲವೆಂದು ನಮ್ಮ ಅಭಿಪ್ರಾಯವಲ್ಲ, ಮಾಡುತ್ತಿದ್ದಾರೆ. ಆದರೂ ಈ ಒಂದು ಕಡೆ ನಮ್ಮ ಹುಡುಗಿಯರ ಸ್ಥಾನವನ್ನು ಬೇರೆಯವರು ತುಂಬಲಾರರು. ಮಗುವನ್ನು ಒರೆಸಿ, ಒಣಗಿಸಿ, ತಾಯಿಯ ಎದೆಗೆ ತಾಗಿಸಿ ಬೆಚ್ಚಗೆ ಹೊದಿಸುವುದು; ಮಾಸು ಬಿದ್ದ ಮೇಲೆ ಕಿಬ್ಬೊಟ್ಟೆಯನ್ನು ನೀವಿ ಗರ್ಭಕೋಶ ಗಟ್ಟಿಯಾಯಿತೆ ಎಂದು ನೋಡುವುದು; ನೆತ್ತರು ಹೆಚ್ಚಾದರೆ ಅದನ್ನು ಕೂಡಲೆ ಗುರುತಿಸುವುದು: ಇದೆಲ್ಲವನ್ನೂ ಅವರು ಹೆರಿಗೆಯ ಕೋಣೆಯಲ್ಲಿ ನಿಂತು ಕಲಿತಿರಬೇಕು, ಪಟದಲ್ಲಿ ನೋಡಿ ಅಲ್ಲ. ಎರಡು ಮೂರು ಭಾಷೆಗಳನ್ನು ಬಲ್ಲ ಹುಡುಗಿಗೆ ಈ ವೃತ್ತಿಯಲ್ಲಿ ಬಹಳ ಅನುಕೂಲ. ಹಿಂದಿ, ತಮಿಳು, ತೆಲುಗುಗಳಲ್ಲಿ ‘ಎಲ್ಲಿ ನೋವು, ಎಷ್ಟು ಹೊತ್ತಾಯಿತು’ ಎಂದು ಕೇಳಬಲ್ಲವಳು ಅರ್ಧ ಪರೀಕ್ಷೆಯನ್ನು ಮುಗಿಸಿದಂತೆ.

ಈಗ ಸರ್ಟಿಫಿಕೇಟಿನ ವಿಚಾರ. ತಾಯಿತಂದೆಗಳು ಮೋಸಹೋಗುವುದು ಇಲ್ಲಿಯೇ; ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ವಸ್ತುಗಳನ್ನು ಮಾರುತ್ತಾರೆ. ಎಲ್ಲಕ್ಕೂ ಕೆಳಗಿನದು ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಮೊದಲಾದ ಸಂಸ್ಥೆಗಳು ಕೆಲವು ದಿನಗಳಲ್ಲಿ ಕಲಿಸುವ ಪ್ರಥಮ ಚಿಕಿತ್ಸೆ. ಬಹು ಒಳ್ಳೆಯ ವಿದ್ಯೆ, ಪ್ರತಿಯೊಬ್ಬರಿಗೂ ಬೇಕಾದದ್ದು; ಆದರೆ ಅದರಿಂದ ಯಾರೂ ಇ.ಎಂ.ಟಿ. ಆಗುವುದಿಲ್ಲ. ಹೃದಯೋತ್ತೇಜನದ ಒಂದೆರಡು ದಿನದ ಪಾಠಕ್ಕೆ ಕೊಡುವ ಪತ್ರವೂ ಹಾಗೆಯೇ. ಅಮೆರಿಕದ ಹೃದಯಸಂಘದ ಇಂಥ ಪತ್ರಕ್ಕೆ ಆಯುಸ್ಸು ಎರಡು ವರ್ಷ, ಮತ್ತೆ ಪರೀಕ್ಷೆ ಕೊಡಬೇಕು. ಇದರ ಮೇಲಿನದು ಕೌಶಲ್ಯ ಶಿಕ್ಷಣದ ಪಂಗಡಕ್ಕೆ ಸೇರಿದ ಇ.ಎಂ.ಟಿ. ತರಬೇತಿ. ಇದರ ಮಟ್ಟಗಳನ್ನು ಆರೋಗ್ಯ ಕ್ಷೇತ್ರದ ಕೌಶಲ್ಯ ಮಂಡಲಿಯವರು ಗೊತ್ತುಮಾಡಿದ್ದಾರೆ. ಮೂಲ ದರ್ಜೆಯದೊಂದು, ಅದಕ್ಕೂ ಮೇಲ್ದರ್ಜೆಯದೊಂದು. ವಿಜ್ಞಾನ ವಿಷಯ ತೆಗೆದುಕೊಂಡು ಪಿ.ಯು.ಸಿ. ಮುಗಿಸಿದವರು ಇದಕ್ಕೆ ಸಾಮಾನ್ಯವಾಗಿ ಸೇರುತ್ತಾರೆ. ಆ ಮೇಲಿನವು ಡಿಪ್ಲೊಮಾ ಮತ್ತು ಪದವಿ. ನಮ್ಮ ರಾಜ್ಯದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜುಗಳಲ್ಲಿ ತುರ್ತು ಹಾಗೂ ಅಪಘಾತ ಚಿಕಿತ್ಸೆಯ ತಂತ್ರಜ್ಞಾನದಲ್ಲಿ ಬಿ.ಎಸ್‌ಸಿ. ಓದಬಹುದು. ದಾದಿಯರ ಶಿಕ್ಷಣ ಮುಗಿಸಿದವರೂ ಆಂಬುಲೆನ್ಸಿನ ಪ್ರತ್ಯೇಕ ತರಬೇತಿ ಪಡೆದು ಈ ಕೆಲಸಕ್ಕೆ ಬರುತ್ತಾರೆ. ಸ್ಥಿರವಾದ ಮತ್ತೊಂದು ವೃತ್ತಿ ಕೈಯಲ್ಲಿರಲೆಂದು ಬಯಸುವವರಿಗೆ ಈ ದಾರಿಯನ್ನೇ ನಾವು ಮೆಚ್ಚುತ್ತೇವೆ.

ಬಹುಕಾಲ ಈ ವೃತ್ತಿಗೆ ನಮ್ಮಲ್ಲಿ ವೈದ್ಯರಿಗೂ ದಾದಿಯರಿಗೂ ಇದ್ದಂಥ ಒಂದು ಪಟ್ಟಿಯೇ ಇರಲಿಲ್ಲ. ಯಾರು ಬೇಕಾದರೂ ತಮ್ಮನ್ನು ಹೀಗೆಂದು ಕರೆದುಕೊಳ್ಳಬಹುದಾಗಿತ್ತು. 2021ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಸಹವೈದ್ಯಕೀಯ ಹಾಗೂ ಆರೋಗ್ಯರಕ್ಷಣಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯು ಇದನ್ನು ಬದಲಾಯಿಸಹೊರಟಿದೆ. ತುರ್ತು ವೈದ್ಯಕೀಯ ತಂತ್ರಜ್ಞರ ಹೆಸರು ಅದರ ಅನುಬಂಧದಲ್ಲಿದೆ. ಆ ಕಾಯಿದೆಯ ಪ್ರಕಾರ ಸಹವೈದ್ಯಕೀಯ ವೃತ್ತಿಗಾರರ ಶಿಕ್ಷಣ ಎರಡರಿಂದ ನಾಲ್ಕು ವರ್ಷಗಳಲ್ಲಿ 2000 ತಾಸುಗಳಿಗೆ ಕಡಮೆಯಾಗಿರಕೂಡದು. ಹೆಸರು ರಾಜ್ಯದ ಪರಿಷತ್ತಿನ ದಾಖಲೆಯಲ್ಲಿ ಸೇರಬೇಕು. ಇದರ ಅರ್ಥವೇನೆಂದರೆ, ಇಂದು ಕೆಲವೇ ತಿಂಗಳಲ್ಲಿ ಸಿಕ್ಕುವ ಪತ್ರವು ನಾಳೆ ನೋಂದಣಿಯ ಕಛೇರಿಯಲ್ಲಿ ನಡೆಯುವುದೋ ಇಲ್ಲವೋ ಎಂಬುದನ್ನು ಹಣ ಕಟ್ಟುವ ಮುನ್ನವೇ ವಿಚಾರಿಸಬೇಕು. ಕಟ್ಟಿದ ಮೇಲೆ ಅಲ್ಲ.

ಹೆದ್ದಾರಿಯ ಎರಡು ಕಡೆಯೂ ಗೋಡೆಗಳ ಮೇಲೆ ತರಬೇತಿಯ ಜಾಹೀರಾತುಗಳು ಎದ್ದಿವೆ. ಎಲ್ಲವೂ ಕೆಟ್ಟವೆಂದಲ್ಲ. ಆದರೆ ಒಳಗೆ ಹೋಗಿ ನೋಡಬೇಕು. ಬೊಂಬೆಗಳಿವೆಯೆ, ಇದ್ದರೆ ಅವು ಗಾಜಿನ ಬೀರುವಿನಲ್ಲಿ ಹೊಸದಾಗಿಯೇ ಇವೆಯೆ, ಅಥವಾ ಎದೆ ಸವೆದಿವೆಯೆ? ಸವೆದದ್ದೇ ಒಳ್ಳೆಯ ಗುರುತು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಎಷ್ಟು ತಾಸು, ಹೆರಿಗೆ ವಾರ್ಡಿನಲ್ಲಿ ಎಷ್ಟು, ಓಡುವ ಆಂಬುಲೆನ್ಸಿನಲ್ಲಿ ಎಷ್ಟು ಎಂದು ಬರೆದು ಕೊಡುವರೆ? ಪರೀಕ್ಷೆ ಮಾಡುವವರು ಕಲಿಸಿದವರೇಯೋ, ಹೊರಗಿನವರೋ? ‘ಹಾಜರಿ ಇಲ್ಲದಿದ್ದರೂ ಸರಿ, ಫೀಸು ಕಟ್ಟಿ’ ಎನ್ನುವ ಕಡೆಯಿಂದ ತಿರುಗಿ ನೋಡದೆ ಬರುವುದು ಲೇಸು. ಪರದೇಶದಲ್ಲಿ ಕೆಲಸ ಕೊಡಿಸುವೆವೆಂಬ ಮಾತನ್ನೂ ಹೀಗೆಯೇ ತೂಗಬೇಕು. ಆಯಾ ದೇಶಕ್ಕೆ ಆಯಾ ದೇಶದ ಪರೀಕ್ಷೆಗಳುಂಟು. ಅಮೆರಿಕೆಯಲ್ಲಿ 1970ರಿಂದ ಇರುವ ರಾಷ್ಟ್ರೀಯ ನೋಂದಣಿ ಸಂಸ್ಥೆಯ ಪ್ರಮಾಣಪತ್ರವನ್ನು ಅಲ್ಲಿಯವರೇ ಎರಡು ವರ್ಷಕ್ಕೊಮ್ಮೆ ಹೊಸದಾಗಿಸಿಕೊಳ್ಳಬೇಕು; ನಮ್ಮ ಗೋಡೆಬರಹದ ಸಂಸ್ಥೆಯ ಪತ್ರ ಅಲ್ಲಿ ಯಾರಿಗೆ ಬೇಕು?

ಕಷ್ಟಗಳನ್ನು ಮರೆಮಾಚಿ ಹುಡುಗಿಯರನ್ನು ಕಳುಹಿಸುವುದು ನಮಗೆ ಒಪ್ಪಿಗೆಯಿಲ್ಲ. ರಾತ್ರಿಯ ಪಾಳಿಯುಂಟು. ಮಂಚವನ್ನು ಮೂರನೆಯ ಮಹಡಿಯಿಂದ ಇಳಿಸಬೇಕಾಗುತ್ತದೆ. ಕುಡಿದವರ ಬೈಗುಳ, ಸತ್ತವರ ಬಂಧುಗಳ ಕೋಪ ಮೊದಲು ಬೀಳುವುದು ಇವರ ಮೇಲೆಯೇ. ವೇತನವು ಕೆಲಸದ ಭಾರಕ್ಕೆ ಸಮನಾಗಿಲ್ಲ. ಅದೂ ತಡವಾಗಿ ಬರುತ್ತದೆಂದು ರಾಜ್ಯದ 108 ನೌಕರರು ಈಚಿನ ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಸಾರಿ ಮುಷ್ಕರದ ಮಾತನ್ನಾಡಬೇಕಾಯಿತು. ಒಯ್ಯುತ್ತಿರುವಾಗಲೇ ಕಣ್ಣೆದುರಿಗೆ ಮಗುವೊಂದು ತೀರಿಕೊಂಡ ರಾತ್ರಿ ಮನೆಗೆ ಬಂದು ಊಟಮಾಡುವುದು ಸುಲಭವಲ್ಲ. ಇಂಥ ದಿನಗಳಲ್ಲಿ ಅವಳನ್ನು ಮಾತನಾಡಿಸಲು ಮನೆಯಲ್ಲಿ ಒಬ್ಬರು ಎಚ್ಚರವಾಗಿರಬೇಕು. ಮಗಳನ್ನು ಈ ವೃತ್ತಿಗೆ ಕಳುಹಿಸುವ ತಾಯಿ ತಾನೂ ಅರ್ಧ ಪಾಳಿಯ ಕೆಲಸಕ್ಕೆ ಸೇರಿದಂತೆಯೇ ಎಂದು ತಿಳಿಯತಕ್ಕದ್ದು.

ಕಾರ್ಖಾನೆಗಳಲ್ಲಿಯೂ ಕಛೇರಿಗಳಲ್ಲಿಯೂ ಕೆಲಸಮಾಡುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಒಂದು ಮಾತು. 1948ರ ಕಾರ್ಖಾನೆ ಕಾಯಿದೆಯು ಪ್ರತಿ ನೂರೈವತ್ತು ಕೆಲಸಗಾರರಿಗೆ ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನೂ, ಅದನ್ನು ನೋಡಿಕೊಳ್ಳಲು ಯೋಗ್ಯತಾಪತ್ರವುಳ್ಳವರನ್ನೂ ಗೊತ್ತುಮಾಡಿತ್ತು. ಐನೂರಕ್ಕಿಂತ ಹೆಚ್ಚು ಮಂದಿಯಿದ್ದಲ್ಲಿ ಆಂಬುಲೆನ್ಸು ಕೋಣೆಯನ್ನು ವಿಧಿಸಿತ್ತು. 2025ರ ನವೆಂಬರಿನಿಂದ ಅದರ ಸ್ಥಾನದಲ್ಲಿ ಹೊಸ ಸಂಹಿತೆ ಬಂದಿದೆ. ಕಾಯಿದೆ ಯಾವುದಾದರೂ ನಿಮ್ಮ ಪಾಳಿಯಲ್ಲಿ ಆ ಪೆಟ್ಟಿಗೆ ಎಲ್ಲಿದೆ, ಕೀಲಿಕೈ ಯಾರ ಬಳಿ ಇದೆ ಎಂಬುದನ್ನು ನಾಳೆಯೇ ಕೇಳಿ ತಿಳಿಯಿರಿ. ದಾರಿಯಲ್ಲಿ ಬಿದ್ದವರಿಗೆ ನೆರವಾದರೆ ಪೊಲೀಸರ ಕಾಟವೆಂಬ ಹಳೆಯ ಭಯವನ್ನು ಬಿಡಬಹುದು. ಸುಪ್ರೀಂ ಕೋರ್ಟು 2016ರಲ್ಲಿ ಇಂಥವರಿಗೆ ರಕ್ಷಣೆ ಕೊಟ್ಟಿತು; ಕರ್ನಾಟಕವು ಇದಕ್ಕಾಗಿಯೇ ಮಾಡಿದ ಶಾಸನಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತವಾಯಿತು; ಮೋಟಾರು ವಾಹನ ಕಾಯಿದೆಯಲ್ಲಿಯೂ 2019ರ ತಿದ್ದುಪಡಿಯಿಂದ ಇದು ಸೇರಿತು. ಹೆಸರು ಹೇಳಲು ಇಷ್ಟವಿಲ್ಲದಿದ್ದರೆ ಹೇಳಬೇಕಾಗಿಲ್ಲ.

108ಕ್ಕೆ ಕರೆ ಮಾಡುವಾಗ ಮೊದಲು ಸ್ಥಳವನ್ನು ಹೇಳಬೇಕು, ಏನಾಯಿತೆಂಬುದನ್ನು ಆಮೇಲೆ. ಹೆಬ್ಬಗೋಡಿಯ ಗಲ್ಲಿಗಳಿಗೆ ಹೆಸರಿಲ್ಲದಿರುವುದರಿಂದ ಹತ್ತಿರದ ಕಾರ್ಖಾನೆಯ ಗೇಟು, ಗುಡಿ, ಮೆಟ್ರೋ ಕಂಬದ ಸಂಖ್ಯೆ, ಯಾವುದಾದರೊಂದು ಗುರುತನ್ನು ಕೊಡಿ. ರೋಗಿಗೆ ಎಚ್ಚರವಿದೆಯೆ, ಉಸಿರಾಡುತ್ತಿರುವರೆ ಎಂದು ಕೇಳುತ್ತಾರೆ, ನೋಡಿ ಹೇಳಿ. ಒಬ್ಬರನ್ನು ಮುಖ್ಯ ರಸ್ತೆಯ ತಿರುವಿನಲ್ಲಿ ವಾಹನಕ್ಕೆ ಕೈತೋರಲು ನಿಲ್ಲಿಸಿ. ಆಚೆಯವರು ‘ಆಯಿತು’ ಎನ್ನುವ ತನಕ ಕರೆಯನ್ನು ಕಡಿಯಬೇಡಿ.